ತಲೆಬುರುಡೆಗೆ ಬೀಗ ಬಿದ್ದರೆ ಬುದ್ಧಿಗೂ ಬೀಗವೇ? ಮಿದುಳಿನ ಚಿತ್ರಗಳು ಹೇಳುವುದೇನು?

ಹಸುಗೂಸಿನ ನೆತ್ತಿಗೆ ಎಣ್ಣೆ ಒತ್ತುವ ಅಜ್ಜಿಯ ಬೆರಳುಗಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಗುವಿನ ತಲೆಯ ನಡುವೆ ಮೂಳೆಯಿಲ್ಲದ ಮೆತ್ತನೆಯ ಜಾಗವೊಂದಿದೆ. ಅದು ಉಸಿರಾಡಿದಂತೆ ಮಿಡಿಯುತ್ತದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಬುರುಡೆಯ ಮೂಳೆಗಳು ಹುಟ್ಟುವ ಮೊದಲೇ, ಇಲ್ಲವೇ ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ತಲೆಯ ಆಕಾರ ಬದಲಾಗುತ್ತದೆ. ಅಂಥ ಮಗು ಮಾತನಾಡುವುದು ತಡವಾದರೆ, ನಡಿಗೆ ನಿಧಾನವಾದರೆ ಹೆತ್ತವರ ಮನಸ್ಸಿನಲ್ಲಿ ಮೂಡುವ ಪ್ರಶ್ನೆ ಒಂದೇ: ಬುರುಡೆ ಬಿಗಿಯಾದುದರಿಂದ ಮಿದುಳು ಬೆಳೆಯುತ್ತಿಲ್ಲವೇ? ಬುರುಡೆಯನ್ನು ಬಿಡಿಸಿದರೆ ಬುದ್ಧಿ ಬೆಳೆದೀತೇ?

ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ಪ್ರಶ್ನೆಯನ್ನು ವೈದ್ಯಕೀಯ ಲೋಕ ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಕೇಳಿಕೊಳ್ಳುತ್ತಲೇ ಬಂದಿದೆ. ಸಿ.ಟಿ. ಸ್ಕ್ಯಾನ್ ಹಾಗೂ ಎಂಆರ್‌ಐ ಯಂತ್ರಗಳು ಬಂದ ಮೇಲೆ ಉತ್ತರ ಸ್ವಲ್ಪಮಟ್ಟಿಗೆ ಸ್ಪಷ್ಟವಾಗಿದೆ. ಆ ಉತ್ತರ ಒಂದು ಮಗುವಿಗೆ ‘ಹೌದು’ ಎಂದಾದರೆ, ಇನ್ನೊಂದು ಮಗುವಿಗೆ ‘ಅಲ್ಲ’ ಎಂದಾಗಿರುವುದೇ ಇಲ್ಲಿನ ವಿಶೇಷ.

ಬುರುಡೆ ಒಂದೇ ಮೂಳೆಯಲ್ಲ

ನವಜಾತ ಶಿಶುವಿನ ತಲೆಬುರುಡೆ ಮಡಕೆಯಂತೆ ಅಖಂಡವಾದುದಲ್ಲ. ಅದು ಹಲವು ಮೂಳೆಯ ಹಲಗೆಗಳಿಂದ ಕೂಡಿದ್ದು, ಅವುಗಳ ನಡುವೆ ನಾರಿನಂಥ ಅಂಗಾಂಶದ ಕಿರಿದಾದ ಗೆರೆಗಳಿವೆ. ಇವುಗಳನ್ನು ವೈದ್ಯರು ‘ಹೊಲಿಗೆ’ಗಳೆಂದು ಕರೆಯುತ್ತಾರೆ. ಹೆರಿಗೆಯ ವೇಳೆ ಹಲಗೆಗಳು ಒಂದರ ಮೇಲೊಂದು ಸರಿದು ತಲೆ ಹೊರಬರಲು ಅನುವು ಮಾಡಿಕೊಡುತ್ತವೆ. ಹುಟ್ಟಿದ ನಂತರ ಮಿದುಳು ಹಿಗ್ಗಿದಂತೆ ಹೊಲಿಗೆಗಳ ಅಂಚಿನಲ್ಲಿ ಹೊಸ ಮೂಳೆ ಸೇರುತ್ತಾ ಬುರುಡೆ ದೊಡ್ಡದಾಗುತ್ತದೆ.

ಈ ಬೆಳವಣಿಗೆಯ ವೇಗ ಅಚ್ಚರಿ ಹುಟ್ಟಿಸುವಂಥದು. ಹುಟ್ಟಿದಾಗ ಸುಮಾರು 350ರಿಂದ 400 ಗ್ರಾಂ ತೂಗುವ ಮಿದುಳು ವರ್ಷ ತುಂಬುವಷ್ಟರಲ್ಲಿ ಎರಡು ಪಟ್ಟನ್ನು ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಗಂಡುಮಗುವಿನ ತಲೆಯ ಸುತ್ತಳತೆ ಹುಟ್ಟಿದಾಗ ಸರಾಸರಿ 34.5 ಸೆಂ.ಮೀ., ಆರು ತಿಂಗಳಿಗೆ 43.3 ಸೆಂ.ಮೀ., ವರ್ಷಕ್ಕೆ 46.1 ಸೆಂ.ಮೀ. ಹೆಣ್ಣುಮಗುವಿನಲ್ಲಿ ಇದು ಕ್ರಮವಾಗಿ 33.9, 42.2 ಹಾಗೂ 44.9 ಸೆಂ.ಮೀ. ಅಂದರೆ ಮೊದಲ ವರ್ಷದ ಹೆಚ್ಚಳದಲ್ಲಿ ಮುಕ್ಕಾಲು ಪಾಲು ಮೊದಲ ಆರು ತಿಂಗಳಲ್ಲೇ ಮುಗಿಯುತ್ತದೆ. ಹೊಲಿಗೆಯೊಂದು ಅಕಾಲದಲ್ಲಿ ಮುಚ್ಚಿಕೊಂಡರೆ ಅದರ ಪರಿಣಾಮ ಈ ಅವಧಿಯಲ್ಲೇ ಎದ್ದು ಕಾಣುವುದು ಆ ಕಾರಣದಿಂದ.

ಹಣೆಯ ನಡುವಿನ ಹೊಲಿಗೆ ಮಾತ್ರ ಸಹಜವಾಗಿಯೇ ಮೊದಲ ವರ್ಷದೊಳಗೆ, ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳ ನಡುವೆ, ಕೂಡಿಕೊಳ್ಳುತ್ತದೆ. ಉಳಿದ ಪ್ರಮುಖ ಹೊಲಿಗೆಗಳು ಪೂರ್ಣವಾಗಿ ಬೆಸೆದುಕೊಳ್ಳುವುದು ಮನುಷ್ಯ ಪ್ರಾಯಕ್ಕೆ ಬಂದ ಎಷ್ಟೋ ವರ್ಷಗಳ ಬಳಿಕ.

ವಿರ್ಕೋ ಕಂಡ ನಿಯಮ

ಹೊಲಿಗೆಗಳು ಅಕಾಲದಲ್ಲಿ ಬೆಸೆಯುವ ಈ ಸ್ಥಿತಿಗೆ ‘ಕ್ರೇನಿಯೋಸಿನೊಸ್ಟೋಸಿಸ್’ ಎಂದು ಹೆಸರು. ಎರಡರಿಂದ ಎರಡೂವರೆ ಸಾವಿರ ಜನನಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆಂಬುದು ಸಾಮಾನ್ಯ ಅಂದಾಜು. ಜರ್ಮನಿಯ ಖ್ಯಾತ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋ 1851ರಲ್ಲಿ ಇದರ ಹಿಂದಿನ ನಿಯಮವೊಂದನ್ನು ಗುರುತಿಸಿದ. ಮುಚ್ಚಿದ ಹೊಲಿಗೆಗೆ ಅಡ್ಡವಾದ ದಿಕ್ಕಿನಲ್ಲಿ ಬುರುಡೆಯ ಬೆಳವಣಿಗೆ ನಿಲ್ಲುತ್ತದೆ. ಆ ಕೊರತೆಯನ್ನು ತುಂಬಲು ಹೊಲಿಗೆಯ ದಿಕ್ಕಿನಲ್ಲೇ ಅದು ಹೆಚ್ಚು ಬೆಳೆಯುತ್ತದೆ ಎಂಬುದೇ ಆ ನಿಯಮ.

ನೆತ್ತಿಯ ಮೇಲೆ ಹಣೆಯಿಂದ ಹಿಂದಲೆಯತ್ತ ಸಾಗುವ ಹೊಲಿಗೆ ಮುಚ್ಚಿದರೆ ತಲೆ ಅಗಲವಾಗಲಾರದು, ದೋಣಿಯಂತೆ ಉದ್ದವಾಗುತ್ತದೆ. ಇದೇ ಅತ್ಯಂತ ಸಾಮಾನ್ಯವಾದ ಬಗೆ, ಗಂಡುಮಕ್ಕಳಲ್ಲಿ ಹೆಚ್ಚು. ಒಂದು ಕಿವಿಯ ಮೇಲಿಂದ ನೆತ್ತಿಗೆ ಏರುವ ಹೊಲಿಗೆ ಮುಚ್ಚಿದರೆ ಆ ಬದಿಯ ಹಣೆ ಚಪ್ಪಟೆಯಾಗಿ, ಕಣ್ಣಿನ ಗೂಡು ಮೇಲಕ್ಕೆ ಎಳೆದಂತೆ ಕಾಣುತ್ತದೆ. ಎರಡೂ ಬದಿ ಮುಚ್ಚಿದರೆ ತಲೆ ಗಿಡ್ಡವಾಗಿ, ಅಗಲವಾಗುತ್ತದೆ. ಹಣೆಯ ನಡುವಿನ ಹೊಲಿಗೆ ಅಕಾಲದಲ್ಲಿ ಮುಚ್ಚಿದರೆ ಹಣೆ ದೋಣಿಯ ಮೂತಿಯಂತೆ ಚೂಪಾಗಿ, ಮೇಲಿನಿಂದ ನೋಡಿದಾಗ ತಲೆ ತ್ರಿಕೋನಾಕೃತಿಯಲ್ಲಿ ತೋರುತ್ತದೆ. ಹಿಂದಲೆಯ ಹೊಲಿಗೆ ಮುಚ್ಚುವುದು ಬಹು ಅಪರೂಪ.

ಬಹುಪಾಲು ಮಕ್ಕಳಲ್ಲಿ ಒಂದೇ ಹೊಲಿಗೆ ಮುಚ್ಚಿದ್ದು, ಬೇರಾವ ದೋಷವೂ ಇರುವುದಿಲ್ಲ. ಉಳಿದವರಲ್ಲಿ ಹಲವು ಹೊಲಿಗೆಗಳು ಒಟ್ಟಿಗೆ ಮುಚ್ಚುವುದರ ಜೊತೆಗೆ ಮುಖ, ಕೈಕಾಲುಗಳಲ್ಲೂ ವ್ಯತ್ಯಾಸ ಕಾಣುತ್ತದೆ. ಫ್ರಾನ್ಸಿನ ವೈದ್ಯ ಯೂಜೀನ್ ಅಪೇರ್ 1906ರಲ್ಲಿ, ಒಕ್ಟಾವ್ ಕ್ರೂಜೋನ್ 1912ರಲ್ಲಿ ವಿವರಿಸಿದ, ಅವರದೇ ಹೆಸರಿನ ಸಿಂಡ್ರೋಮ್‌ಗಳು ಈ ಗುಂಪಿನವು. ಎಫ್‌ಜಿಎಫ್‌ಆರ್2 ಎಂಬ ವಂಶವಾಹಿಯಲ್ಲಿನ ಸಣ್ಣ ಬದಲಾವಣೆ ಇವೆರಡಕ್ಕೂ ಮೂಲವೆಂಬುದು 1990ರ ದಶಕದಲ್ಲಿ ಪತ್ತೆಯಾಯಿತು.

ಎಲ್ಲ ಸೊಟ್ಟ ತಲೆಯೂ ರೋಗವಲ್ಲ

ಇಲ್ಲೊಂದು ಎಚ್ಚರಿಕೆ ಅಗತ್ಯ. ಒಂದೇ ಮಗ್ಗುಲಿಗೆ ಮಲಗಿಸಿದ ಮಗುವಿನ ಹಿಂದಲೆ ಆ ಬದಿಗೆ ಚಪ್ಪಟೆಯಾಗುವುದು ಸಾಮಾನ್ಯ ಸಂಗತಿ. ಶಿಶುಗಳನ್ನು ಬೆನ್ನಿನ ಮೇಲೆಯೇ ಮಲಗಿಸಬೇಕೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1992ರಲ್ಲಿ ಸಲಹೆ ನೀಡಿದ ಬಳಿಕ ಅಲ್ಲಿ ಹಠಾತ್ ಶಿಶುಮರಣ ಇಳಿಯಿತು; ಚಪ್ಪಟೆ ತಲೆಯ ದೂರು ಏರಿತು. ಈ ಮಕ್ಕಳಲ್ಲಿ ಹೊಲಿಗೆಗಳು ತೆರೆದೇ ಇರುತ್ತವೆ. ಮಲಗುವ ಭಂಗಿ ಬದಲಿಸುತ್ತಾ, ಎಚ್ಚರವಾಗಿರುವಾಗ ಬೋರಲಾಗಿ ಆಡಲು ಬಿಟ್ಟರೆ ಬಹುತೇಕ ತಲೆಗಳು ಸರಿಹೋಗುತ್ತವೆ. ನಮ್ಮಲ್ಲಿ ತಲೆ ಗುಂಡಗಾಗಲೆಂದು ಸಾಸಿವೆ ದಿಂಬು ಇಡುವ ರೂಢಿಯಿದೆ. ಮುಚ್ಚಿದ ಹೊಲಿಗೆಯನ್ನು ದಿಂಬಾಗಲಿ, ಎಣ್ಣೆ ನೀವುವುದಾಗಲಿ ತೆರೆಯಲಾರದು. ಹಾಗೆಯೇ ಇವುಗಳಿಂದ ತೆರೆದ ಹೊಲಿಗೆ ಮುಚ್ಚುವುದೂ ಇಲ್ಲ.

ತಲೆಯನ್ನು ಮೇಲಿನಿಂದ ನೋಡಿದರೆ ಈ ಎರಡರ ವ್ಯತ್ಯಾಸ ತಿಳಿಯುತ್ತದೆ. ಮಲಗುವ ಭಂಗಿಯಿಂದ ಚಪ್ಪಟೆಯಾದ ತಲೆಯಲ್ಲಿ ಆ ಬದಿಯ ಕಿವಿ ಹಾಗೂ ಹಣೆ ಎರಡೂ ಮುಂದಕ್ಕೆ ತಳ್ಳಿದಂತಿರುತ್ತವೆ. ಹಿಂದಲೆಯ ಹೊಲಿಗೆ ಮುಚ್ಚಿದ್ದರೆ ಕಿವಿಯ ಹಿಂದೆ ಮೂಳೆಯ ಉಬ್ಬು ಮೂಡಿ, ಹೊಲಿಗೆಯ ಜಾಗದಲ್ಲಿ ಗಟ್ಟಿ ಏಣು ಕೈಗೆ ತಾಗುತ್ತದೆ. ಅನುಭವಿ ವೈದ್ಯರು ಕಣ್ಣು ಮತ್ತು ಬೆರಳುಗಳಿಂದಲೇ ಬಹುತೇಕ ಪ್ರಕರಣಗಳನ್ನು ಗುರುತಿಸಬಲ್ಲರು.

ಎರಡನೆಯ ಗೊಂದಲ ಇನ್ನೂ ಗಂಭೀರವಾದುದು. ತಲೆ ಎಲ್ಲ ದಿಕ್ಕಿನಲ್ಲೂ ಸಮನಾಗಿ ಚಿಕ್ಕದಾಗಿದ್ದರೆ ಬಹುಮಟ್ಟಿಗೆ ಮಿದುಳೇ ಬೆಳೆಯುತ್ತಿಲ್ಲವೆಂದು ಅರ್ಥ. ಒಳಗಿನಿಂದ ಒತ್ತುವ ಮಿದುಳಿಲ್ಲದೆ ಹೊಲಿಗೆಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಇಲ್ಲಿ ಹೊಲಿಗೆ ಮುಚ್ಚಿದ್ದು ಪರಿಣಾಮವೇ ಹೊರತು ಕಾರಣವಲ್ಲ. ಈ ವ್ಯತ್ಯಾಸವನ್ನು ಅರಿಯದೆ ನಡೆದ ದುರಂತವೊಂದು ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿದೆ.

ಬೀಗ ತೆರೆಯಲು ಹೋದವರ ಕತೆ

1888ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಶಸ್ತ್ರವೈದ್ಯ ಲೇನ್ ಅವರ ಬಳಿಗೆ ತಾಯಿಯೊಬ್ಬಳು ಬುದ್ಧಿ ಬೆಳೆಯದ ತನ್ನ ಮಗುವನ್ನು ಕರೆತಂದು, ಅದರ ಮಿದುಳಿಗೆ ಬಿದ್ದಿರುವ ಬೀಗವನ್ನು ತೆಗೆಯಲಾಗದೇ ಎಂದು ಕೇಳಿದಳೆಂಬ ಉಲ್ಲೇಖವಿದೆ. ಲೇನ್ ಬುರುಡೆಯ ಮೂಳೆಯನ್ನು ಪಟ್ಟಿಯಾಗಿ ಕತ್ತರಿಸಿ ತೆಗೆದರು. ಮಗು ಬದುಕಲಿಲ್ಲ. 1890ರಲ್ಲಿ ಪ್ಯಾರಿಸ್‌ನಲ್ಲಿ ಲಾನ್ನೆಲೋಂಗ್ ಎಂಬ ಶಸ್ತ್ರವೈದ್ಯರೂ ಇಂಥದೇ ಕಾರ್ಯಕ್ಕೆ ಕೈಹಾಕಿದರು. ಕೆಲವೇ ವರ್ಷಗಳಲ್ಲಿ ಯುರೋಪ್, ಅಮೆರಿಕಗಳಲ್ಲಿ ಚಿಕ್ಕ ತಲೆಯ ಎಷ್ಟೋ ಮಕ್ಕಳ ಬುರುಡೆಗಳನ್ನು ಬುದ್ಧಿ ಬೆಳೆಯಲೆಂದು ಕತ್ತರಿಸಲಾಯಿತು.

ಅಮೆರಿಕದಲ್ಲಿ ಮಕ್ಕಳ ವೈದ್ಯಶಾಸ್ತ್ರದ ಪಿತಾಮಹನೆನಿಸಿದ ಅಬ್ರಹಾಂ ಜಾಕೋಬಿ 1894ರಲ್ಲಿ ಇದರ ವಿರುದ್ಧ ಕಟುವಾಗಿ ದನಿಯೆತ್ತಿದರು. ಅವರು ಪರಿಶೀಲಿಸಿದ ಮೂವತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾವನ್ನಪ್ಪಿದ್ದರು. ಆ ಮಕ್ಕಳಲ್ಲಿ ಅನೇಕರ ಸಮಸ್ಯೆ ಬುರುಡೆಯದಾಗಿರಲಿಲ್ಲ, ಮಿದುಳಿನದಾಗಿತ್ತು. ಈ ಟೀಕೆಯ ಬಳಿಕ ಶಸ್ತ್ರಚಿಕಿತ್ಸೆ ಬಹುತೇಕ ನಿಂತುಹೋಯಿತು. ನಿಜವಾಗಿಯೂ ಹೊಲಿಗೆ ಮುಚ್ಚಿ ಮಿದುಳಿನ ಮೇಲೆ ಒತ್ತಡ ಬೀಳುತ್ತಿದ್ದ ಮಕ್ಕಳು ಕೂಡ ಹಲವು ದಶಕಗಳ ಕಾಲ ಚಿಕಿತ್ಸೆಯಿಂದ ವಂಚಿತರಾದದ್ದು ಇದರ ಮತ್ತೊಂದು ದುರಂತ. ಚರ್ಮ ಮತ್ತು ಮೂಳೆಯ ಆಚೆಗೆ ಕಣ್ಣು ಹಾಯಿಸುವ ಸಾಧನ ಅಂದಿನ ವೈದ್ಯರ ಕೈಯಲ್ಲಿರಲಿಲ್ಲ. ರೋಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು ಜಾಕೋಬಿಯ ಟೀಕೆಯ ಮರುವರ್ಷ, ಅಂದರೆ 1895ರಲ್ಲಿ.

ಯಾವ ಚಿತ್ರ ಏನನ್ನು ಹೇಳುತ್ತದೆ?

ಕ್ಷ-ಕಿರಣದ ಚಿತ್ರದಲ್ಲಿ ಮುಚ್ಚಿದ ಹೊಲಿಗೆಯ ಗೆರೆ ಮಾಯವಾಗಿರುತ್ತದೆ. ಒಳಗಿನ ಒತ್ತಡ ಬಹುಕಾಲ ಹೆಚ್ಚಿದ್ದರೆ ಬುರುಡೆಯ ಒಳಮೈ ಸುತ್ತಿಗೆಯಿಂದ ಬಡಿದ ತಾಮ್ರದ ತಟ್ಟೆಯಂತೆ ತಗ್ಗುತಗ್ಗಾಗಿ ತೋರುತ್ತದೆ. ಆದರೆ ಮಿದುಳು ಇದರಲ್ಲಿ ಕಾಣುವುದಿಲ್ಲ. ಎಳೆಯ ಶಿಶುಗಳಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆಯಿಂದಲೂ ಹೊಲಿಗೆ ತೆರೆದಿದೆಯೇ ಎಂದು ನೋಡಬಹುದು. ವಿಕಿರಣದ ಭಯವಿಲ್ಲ, ಮಗುವನ್ನು ನಿದ್ದೆಗೆಡವುವ ಅಗತ್ಯವಿಲ್ಲ, ಖರ್ಚೂ ಕಡಿಮೆ. ಮೂಳೆ ದಪ್ಪವಾದಂತೆ, ಅಂದರೆ ವರ್ಷ ಸಮೀಪಿಸಿದಂತೆ ಇದರ ಉಪಯೋಗ ಕುಗ್ಗುತ್ತದೆ.

ಮನುಷ್ಯನ ಮೇಲಿನ ಮೊದಲ ಸಿ.ಟಿ. ಸ್ಕ್ಯಾನ್ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ನಡೆಯಿತು. ಅದು ಚಿತ್ರಿಸಿದ್ದು ತಲೆಯನ್ನೇ ಎಂಬುದು ಗಮನಾರ್ಹ. 1980ರ ದಶಕದ ಆರಂಭದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೈಕೇಲ್ ವ್ಯಾನಿಯರ್ ಹಾಗೂ ಜೆಫ್ರಿ ಮಾರ್ಶ್ ಅವರ ತಂಡ, ವಿಮಾನ ತಯಾರಿಕಾ ಕಂಪನಿಯೊಂದರ ಕಂಪ್ಯೂಟರ್ ತಂತ್ರಜ್ಞರ ನೆರವಿನಿಂದ, ಸಿ.ಟಿ. ಹಾಳೆಗಳನ್ನು ಜೋಡಿಸಿ ಬುರುಡೆಯ ಮೂರು ಆಯಾಮದ ಚಿತ್ರ ರೂಪಿಸಿತು. ಅಂದಿನಿಂದ ಇಂದಿನವರೆಗೂ ಹೊಲಿಗೆಗಳ ಸ್ಥಿತಿ ಅರಿಯಲು ಇದೇ ಅಂತಿಮ ಪ್ರಮಾಣ. ಶಸ್ತ್ರವೈದ್ಯರು ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂಬುದನ್ನು ಈ ಚಿತ್ರದ ಮೇಲೆಯೇ ಯೋಜಿಸುತ್ತಾರೆ.

ಆದರೆ ಸಿ.ಟಿ. ಮುಖ್ಯವಾಗಿ ಮೂಳೆಯ ಸಾಕ್ಷಿ. ಮಗುವಿನ ಬೆಳವಣಿಗೆ ತಡವಾಗಿದ್ದಾಗ ಬೇಕಾಗುವುದು ಮಿದುಳಿನ ಸಾಕ್ಷಿ. ಅದನ್ನು ನುಡಿಯುವುದು ಎಂಆರ್‌ಐ. ಎಡ–ಬಲ ಮಿದುಳುಗಳನ್ನು ಬೆಸೆಯುವ ನರತಂತುಗಳ ಸೇತುವೆ ಪೂರ್ಣವಾಗಿ ರೂಪುಗೊಂಡಿದೆಯೇ, ಮಿದುಳಿನ ನೀರಿನ ಕೋಣೆಗಳು ಹಿಗ್ಗಿವೆಯೇ, ಕಿರುಮಿದುಳಿನ ತುದಿ ಬುರುಡೆಯ ತಳದ ರಂಧ್ರದೊಳಗೆ ಜಾರಿದೆಯೇ, ಹೊರಪದರದ ಮಡಿಕೆಗಳು ಸಹಜವಾಗಿವೆಯೇ ಎಂಬುದೆಲ್ಲ ಇದರಲ್ಲಿ ಕಾಣುತ್ತದೆ. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ವಯಸ್ಸಿಗೆ ತಕ್ಕಂತೆ ಏರಿದೆಯೇ ಎಂಬುದನ್ನೂ ಅಳೆಯಬಹುದು. ಹುಟ್ಟಿದಾಗ ಅತ್ಯಲ್ಪವಾಗಿರುವ ಈ ಹೊದಿಕೆ ಎರಡು ವರ್ಷ ತುಂಬುವ ವೇಳೆಗೆ ಚಿತ್ರದಲ್ಲಿ ಹೆಚ್ಚುಕಡಿಮೆ ವಯಸ್ಕರಂತೆ ತೋರಬೇಕು. ಅದು ಹಿಂದೆ ಬಿದ್ದಿದ್ದರೆ ವಿಳಂಬದ ಮೂಲವನ್ನು ಮೂಳೆಯಲ್ಲಲ್ಲ, ಮಿದುಳಿನಲ್ಲೇ ಹುಡುಕಬೇಕಾಗುತ್ತದೆ.

ಒಂದೇ ಹೊಲಿಗೆ ಮುಚ್ಚಿ, ಬೆಳವಣಿಗೆ ಸಹಜವಾಗಿರುವ ಮಗುವಿಗೆ ಎಂಆರ್‌ಐ ಕಡ್ಡಾಯವೇನಲ್ಲ. ಹಲವು ಹೊಲಿಗೆ ಮುಚ್ಚಿದ, ಸಿಂಡ್ರೋಮ್ ಲಕ್ಷಣವುಳ್ಳ, ಇಲ್ಲವೇ ಬೆಳವಣಿಗೆ ಕುಂಠಿತವಾದ ಮಗುವಿಗೆ ಅದು ಮುಖ್ಯ ಪರೀಕ್ಷೆಯಾಗುತ್ತದೆ.

ಮಿದುಳಿನ ಚಿತ್ರದಲ್ಲಿ ಕಂಡದ್ದು

ಮಿದುಳು ಸಹಜವಾಗಿದ್ದು ಬುರುಡೆಯಷ್ಟೇ ಅದನ್ನು ಅದುಮಿ ಹಿಡಿದಿದೆ ಎಂಬ ನಂಬಿಕೆ ಬಹುಕಾಲ ಇತ್ತು. ಈ ನಂಬಿಕೆಯನ್ನು ಎಂಆರ್‌ಐ ಅಲುಗಾಡಿಸಿದೆ. ಅಮೆರಿಕದ ಕ್ರಿಸ್ಟಿನಾ ಆಲ್‌ಡ್ರಿಜ್, ಜೋನ್ ರಿಚ್‌ಟ್ಸ್‌ಮೈಯರ್ ಮತ್ತು ಸಂಗಡಿಗರು 2000ದ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಒಂದೇ ಹೊಲಿಗೆ ಮುಚ್ಚಿದ ಮಕ್ಕಳ ಮಿದುಳಿನ ಆಕಾರದಲ್ಲೂ ವ್ಯತ್ಯಾಸ ಕಂಡುಬಂತು. ಈ ವ್ಯತ್ಯಾಸ ಮುಚ್ಚಿದ ಹೊಲಿಗೆಯ ಕೆಳಗಿನ ಭಾಗಕ್ಕಷ್ಟೇ ಸೀಮಿತವಾಗಿರದೆ ಮಿದುಳಿನ ಆಳದ ರಚನೆಗಳಲ್ಲೂ ಇತ್ತು. ಬುರುಡೆ ಮತ್ತು ಮಿದುಳು ಗರ್ಭದಲ್ಲಿ ಒಟ್ಟಿಗೆ, ಒಂದರ ಮೇಲೊಂದು ಪ್ರಭಾವ ಬೀರುತ್ತಾ ಬೆಳೆಯುತ್ತವೆ. ಒಂದೇ ವಂಶವಾಹಿಯ ದೋಷ ಎರಡನ್ನೂ ತಟ್ಟಬಹುದು ಎಂಬ ತಿಳಿವಳಿಕೆಗೆ ಇದು ಒತ್ತು ನೀಡಿತು.

ಹಾಗಾದರೆ ಈ ಮಕ್ಕಳ ಬುದ್ಧಿಶಕ್ತಿ ಕುಂದುತ್ತದೆಯೇ? ಅಮೆರಿಕದ ಹಲವು ಕೇಂದ್ರಗಳು ಒಂದು ಹೊಲಿಗೆ ಮುಚ್ಚಿದ ಮಕ್ಕಳನ್ನು ಶೈಶವದಿಂದ ಶಾಲಾ ವಯಸ್ಸಿನವರೆಗೂ ಅನುಸರಿಸಿ ನಡೆಸಿದ ಅಧ್ಯಯನದಲ್ಲಿ, ಅವರ ಸರಾಸರಿ ಬುದ್ಧಿಸೂಚ್ಯಂಕ ಇತರ ಮಕ್ಕಳಿಗಿಂತ ಕೆಲವೇ ಅಂಕ ಕೆಳಗಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಲಿಕೆಯ ತೊಂದರೆಯೇ ಕಾಣಲಿಲ್ಲ. ದೋಣಿಯಾಕಾರದ ತಲೆಯ ಮಕ್ಕಳ ಸ್ಥಿತಿ ಎಲ್ಲರಿಗಿಂತ ಉತ್ತಮವಾಗಿತ್ತು. ಸರಾಸರಿಯ ಅಲ್ಪ ವ್ಯತ್ಯಾಸ ಮಗುವಿನ ಭವಿಷ್ಯವನ್ನು ನಿರ್ಧರಿಸುವುದಿಲ್ಲ. ಆದರೆ ಮಾತು ಮತ್ತು ಕಲಿಕೆಯ ಮೇಲೆ ಕಣ್ಣಿಟ್ಟಿರಬೇಕೆಂಬುದನ್ನು ಅದು ನೆನಪಿಸುತ್ತದೆ.

ಬುರುಡೆಯೊಳಗಿನ ಒತ್ತಡದ ಲೆಕ್ಕವೂ ಇಂಥದೇ. ಪ್ಯಾರಿಸ್‌ನ ಡೊಮಿನಿಕ್ ರೆನಿಯೆ ಮತ್ತು ಸಂಗಡಿಗರು 1980ರ ದಶಕದಿಂದ ನಡೆಸಿದ ಮಾಪನಗಳಲ್ಲಿ ಒಂದು ಹೊಲಿಗೆ ಮುಚ್ಚಿದ ಸುಮಾರು ಏಳು ಮಕ್ಕಳಲ್ಲಿ ಒಬ್ಬರಿಗೆ ಒತ್ತಡ ಹೆಚ್ಚಿದ್ದರೆ, ಹಲವು ಹೊಲಿಗೆ ಮುಚ್ಚಿದವರಲ್ಲಿ ಆ ಪ್ರಮಾಣ ಅರ್ಧದ ಸಮೀಪಕ್ಕೆ ಏರುತ್ತಿತ್ತು. ಒತ್ತಡ ಬಹುಕಾಲ ಉಳಿದರೆ ಮೊದಲು ಹಾಳಾಗುವುದು ಕಣ್ಣಿನ ನರ. ಈ ಮಕ್ಕಳಿಗೆ ಕಾಲಕಾಲಕ್ಕೆ ಕಣ್ಣಿನ ಒಳಪರದೆಯ ಪರೀಕ್ಷೆ ನಡೆಸುವುದು ಈ ಕಾರಣದಿಂದ.

ಅಪೇರ್ ಸಿಂಡ್ರೋಮ್ ಮಕ್ಕಳ ಬಗ್ಗೆ ಇದೇ ತಂಡ 1996ರಲ್ಲಿ ಪ್ರಕಟಿಸಿದ ವರದಿ ಹೆತ್ತವರೆಲ್ಲರೂ ತಿಳಿಯಬೇಕಾದುದು. ವರ್ಷದೊಳಗೆ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಶೇ. 50ರಷ್ಟು ಮಂದಿಯ ಬುದ್ಧಿಸೂಚ್ಯಂಕ 70ನ್ನು ದಾಟಿತ್ತು. ತಡವಾಗಿ ಚಿಕಿತ್ಸೆ ಪಡೆದವರಲ್ಲಿ ಅದು ಶೇ. 7ರಷ್ಟು ಮಾತ್ರ. ಮಿದುಳಿನ ನಡುವಿನ ತೆಳುಪರದೆಯಲ್ಲಿ ದೋಷವಿದ್ದವರ ಪ್ರಗತಿ ಕುಂಠಿತವಾಗಿತ್ತು. ಮೂರನೆಯ ಅಂಶ ಯಾವ ಸ್ಕ್ಯಾನಿಂಗ್‌ನಲ್ಲೂ ಕಾಣದು: ಮನೆಯಲ್ಲಿ ಬೆಳೆದ ಮಕ್ಕಳಲ್ಲಿ ಸುಮಾರು ಶೇ. 39 ಮಂದಿ ಸಹಜ ಬುದ್ಧಿಮಟ್ಟ ತಲುಪಿದರೆ, ಅನಾಥಾಲಯದಂಥ ಸಂಸ್ಥೆಗಳಲ್ಲಿ ಬೆಳೆದವರಲ್ಲಿ ಅದು ಶೇ. 12.5 ಆಗಿತ್ತು. ಮಡಿಲು ಕೂಡ ಚಿಕಿತ್ಸೆಯ ಭಾಗವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಓಕಿನಾವಾದ ವಿವಾದ

ಜಪಾನಿನ ಓಕಿನಾವಾದ ನರಶಸ್ತ್ರವೈದ್ಯ ತಾಕೆಯೋಶಿ ಶಿಮೋಜಿ ಹಣೆಯ ನಡುವೆ ಸಣ್ಣ ಏಣು ಮಾತ್ರವಿರುವ, ಅಂದರೆ ತ್ರಿಕೋನಾಕೃತಿ ಅತ್ಯಲ್ಪವಾಗಿರುವ ಮಕ್ಕಳತ್ತ ಗಮನ ಹರಿಸಿದರು. ಮಾತಿನ ವಿಳಂಬ, ಅತಿಚಟುವಟಿಕೆ, ಆಟಿಸಂನಂಥ ಲಕ್ಷಣಗಳಿದ್ದ ಇಂಥ 65 ಮಕ್ಕಳಿಗೆ ಶಸ್ತ್ರಚಿಕಿತ್ಸೆ ನಡೆಸಿದ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿ, ಬಹುಪಾಲು ಮಕ್ಕಳಲ್ಲಿ ಸುಧಾರಣೆ ಕಂಡುಬಂದಿದೆ ಎಂದು ತಿಳಿಸಿದರು. 2004ರಲ್ಲಿ ಇಂಥ 56 ಮಕ್ಕಳ ಬುರುಡೆಯೊಳಗಿನ ಒತ್ತಡದ ಮಾಪನವನ್ನೂ ಮುಂದಿಟ್ಟರು.

ಈ ವರದಿಗಳು ವೈದ್ಯಲೋಕವನ್ನು ಇಬ್ಭಾಗಿಸಿದವು. ಹಣೆಯ ಮೇಲಿನ ಸಣ್ಣ ಏಣು ಸಹಜವಾಗಿ ಬೆಳೆಯುವ ಎಷ್ಟೋ ಮಕ್ಕಳಲ್ಲೂ ಇದೆ. ಮಾತು ತಡವಾದ ಮಕ್ಕಳು ವಯಸ್ಸು ಏರಿದಂತೆ, ತರಬೇತಿ ದೊರೆತಂತೆ ಒಂದಿಷ್ಟು ಸುಧಾರಿಸುವುದೂ ಸಹಜ. ಶಸ್ತ್ರಚಿಕಿತ್ಸೆ ಪಡೆಯದ, ಇತರೆಲ್ಲ ವಿಷಯದಲ್ಲೂ ಸಮಾನರಾದ ಮಕ್ಕಳೊಂದಿಗೆ ಹೋಲಿಸದೆ ಸುಧಾರಣೆಯ ಕೀರ್ತಿಯನ್ನು ಶಸ್ತ್ರಚಿಕಿತ್ಸೆಗೆ ಸಲ್ಲಿಸಲಾಗದು ಎಂಬುದು ಟೀಕಾಕಾರರ ವಾದ. ಒಂದು ಶತಮಾನದ ಹಿಂದೆ ಜಾಕೋಬಿ ಎತ್ತಿದ ಪ್ರಶ್ನೆಯೇ ಬೇರೆ ರೂಪದಲ್ಲಿ ಮರಳಿ ಬಂದಂತಾಯಿತು.

ಇಂಥ ಕಡೆ ನೆರವಿಗೆ ಬರಬಹುದೆಂದು ನಂಬಿದ ಪರೀಕ್ಷೆ ‘ಸ್ಪೆಕ್ಟ್’. ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ರಕ್ತನಾಳಕ್ಕೆ ಸೇರಿಸಿ ಮಿದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತಿದೆ ಎಂಬುದನ್ನು ಇದು ಚಿತ್ರಿಸುತ್ತದೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಮುಚ್ಚಿದ ಹೊಲಿಗೆಯ ಕೆಳಗೆ ರಕ್ತದ ಹರಿವು ಕಡಿಮೆಯಿದ್ದು, ಶಸ್ತ್ರಚಿಕಿತ್ಸೆಯ ಬಳಿಕ ಹೆಚ್ಚಿದ್ದು ಕಂಡಿದೆ. ಆದರೆ ಎಳೆಯ ಮಿದುಳಿನಲ್ಲಿ ರಕ್ತದ ಹರಿವು ವಯಸ್ಸಿನೊಂದಿಗೆ ತಾನಾಗಿಯೇ ಬದಲಾಗುತ್ತದೆ. ಚಿತ್ರದಲ್ಲಿ ಬಣ್ಣ ಬದಲಾದ ಮಾತ್ರಕ್ಕೆ ಮಗುವಿನ ಮಾತು ಬಂದಂತೆಯೂ ಅಲ್ಲ. ಮಿದುಳಿನ ಭಾಗಗಳ ನಡುವಿನ ಸಂಪರ್ಕವನ್ನು ಅಳೆಯುವ ಹೊಸ ಬಗೆಯ ಎಂಆರ್‌ಐ ತಂತ್ರಗಳೂ ಗುಂಪು–ಗುಂಪುಗಳ ನಡುವಿನ ಅಂತರವನ್ನು ತೋರಿಸಬಲ್ಲವೇ ಹೊರತು, ಎದುರಿಗಿರುವ ಒಂದು ಮಗುವಿನ ಭವಿಷ್ಯವನ್ನು ನುಡಿಯಲಾರವು. ಹಣೆಯ ಏಣನ್ನಷ್ಟೇ ತೋರಿಸಿ ಆಟಿಸಂಗೆ ಶಸ್ತ್ರಚಿಕಿತ್ಸೆ ಇದೆ ಎಂಬ ಮಾತು ಕಿವಿಗೆ ಬಿದ್ದರೆ, ಎರಡನೆಯ ತಜ್ಞರ ಅಭಿಪ್ರಾಯ ಪಡೆಯದೆ ಮುಂದುವರಿಯಕೂಡದು.

ಸ್ಕ್ಯಾನಿಂಗ್‌ನಿಂದ ಅಪಾಯವಿದೆಯೇ?

ತಲೆಯ ಒಂದು ಸಿ.ಟಿ. ಸ್ಕ್ಯಾನ್‌ನಿಂದ ದೊರೆಯುವ ವಿಕಿರಣ, ಮನುಷ್ಯ ಒಂದು ವರ್ಷದಲ್ಲಿ ಪ್ರಕೃತಿಯಿಂದ ಪಡೆಯುವ ವಿಕಿರಣಕ್ಕೆ ಹೆಚ್ಚುಕಡಿಮೆ ಸಮ. ಬ್ರಿಟನ್ನಿನಲ್ಲಿ ಎಳವೆಯಲ್ಲಿ ಸಿ.ಟಿ.ಗೆ ಒಳಗಾದ ಸುಮಾರು 1.8 ಲಕ್ಷ ಜನರ ದಾಖಲೆಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸಿ.ಟಿ. ಮಾಡಿದರೆ ಮುಂದಿನ ಹತ್ತು ವರ್ಷಗಳಲ್ಲಿ ಒಂದು ಹೆಚ್ಚುವರಿ ರಕ್ತಕ್ಯಾನ್ಸರ್ ಹಾಗೂ ಒಂದು ಹೆಚ್ಚುವರಿ ಮಿದುಳಿನ ಗೆಡ್ಡೆ ಬರಬಹುದು. ಅಗತ್ಯವಿರುವ ಮಗುವಿಗೆ ಇದು ಹಿಂಜರಿಯುವಂಥ ಅಪಾಯವಲ್ಲ. ಅಗತ್ಯವಿಲ್ಲದ ಮಗುವಿಗೆ ಇಷ್ಟೂ ಬೇಡ. ಮಕ್ಕಳ ಗಾತ್ರಕ್ಕೆ ತಕ್ಕಂತೆ ವಿಕಿರಣ ತಗ್ಗಿಸುವ ‘ಇಮೇಜ್ ಜೆಂಟ್ಲಿ’ ಎಂಬ ಆಂದೋಲನ 2008ರಲ್ಲಿ ಆರಂಭವಾದಂದಿನಿಂದ ಅನೇಕ ಕೇಂದ್ರಗಳು ಕಡಿಮೆ ಪ್ರಮಾಣದಲ್ಲೇ ಸ್ಪಷ್ಟ ಚಿತ್ರ ಪಡೆಯುತ್ತಿವೆ. ಮಗುವಿಗೆ ಹೊಂದಿಸಿದ ಪ್ರಮಾಣವನ್ನೇ ಬಳಸುತ್ತೀರಾ ಎಂದು ಹೆತ್ತವರು ಕೇಳುವುದರಲ್ಲಿ ತಪ್ಪಿಲ್ಲ.

ಎಂಆರ್‌ಐನಲ್ಲಿ ವಿಕಿರಣವಿಲ್ಲ. ಆದರೆ ಮಗು ಬಹುಹೊತ್ತು ಅಲುಗಾಡದೆ ಮಲಗಬೇಕಾದ್ದರಿಂದ ನಿದ್ದೆಯ ಔಷಧಿ ಬೇಕಾಗುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಪದೇಪದೇ ಅಥವಾ ಮೂರು ತಾಸಿಗೂ ಹೆಚ್ಚು ಅರಿವಳಿಕೆ ನೀಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿದೆ. ಒಂದು ತಾಸಿಗೂ ಕಡಿಮೆ ಅವಧಿಯ ಒಂದು ಬಾರಿಯ ಅರಿವಳಿಕೆಯಿಂದ ಬುದ್ಧಿಗೆ ಹಾನಿಯಿಲ್ಲವೆಂಬುದು 2019ರಲ್ಲಿ ಪ್ರಕಟವಾದ, ಐದು ವರ್ಷ ವಯಸ್ಸಿನವರೆಗೆ ಮಕ್ಕಳನ್ನು ಅನುಸರಿಸಿದ ಪ್ರಯೋಗದಲ್ಲಿ ದೃಢಪಟ್ಟಿದೆ. ಕೆಲವೇ ತಿಂಗಳ ಕೂಸಾದರೆ ಹೊಟ್ಟೆತುಂಬ ಹಾಲೂಡಿಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ಸಹಜ ನಿದ್ದೆಯಲ್ಲೇ ಚಿತ್ರ ತೆಗೆಯುವ ಪದ್ಧತಿಯೂ ಇದೆ. ಎಂಆರ್‌ಐನಲ್ಲೇ ಮೂಳೆಯನ್ನೂ ಎದ್ದು ಕಾಣಿಸುವ ‘ಬ್ಲ್ಯಾಕ್ ಬೋನ್’ ವಿಧಾನವನ್ನು ಆಕ್ಸ್‌ಫರ್ಡ್‌ನ ತಂಡವೊಂದು 2012ರಲ್ಲಿ ವಿವರಿಸಿದೆ. ಒಂದೇ ಪರೀಕ್ಷೆಯಲ್ಲಿ ಬುರುಡೆ ಮತ್ತು ಮಿದುಳು ಎರಡನ್ನೂ ನೋಡುವ ದಾರಿ ಇದು.

ಹೊತ್ತು ಮೀರುವ ಮುನ್ನ

ಚಿಕಿತ್ಸೆಯ ದಾರಿ ಮಗುವಿನ ವಯಸ್ಸನ್ನು ಅವಲಂಬಿಸಿದೆ. ಮೂರು–ನಾಲ್ಕು ತಿಂಗಳೊಳಗೆ ಪತ್ತೆಯಾದರೆ ಸಣ್ಣ ಗಾಯದ ಮೂಲಕ ಎಂಡೋಸ್ಕೋಪ್ ಬಳಸಿ ಮುಚ್ಚಿದ ಹೊಲಿಗೆಯನ್ನು ತೆಗೆದು, ಬಳಿಕ ಕೆಲವು ತಿಂಗಳು ವಿಶೇಷ ಹೆಲ್ಮೆಟ್ ತೊಡಿಸುವ ವಿಧಾನವಿದೆ. ಇದನ್ನು ಅಮೆರಿಕದ ಡೇವಿಡ್ ಜಿಮೆನೆಜ್ ಹಾಗೂ ಕಾನ್‌ಸ್ಟನ್ಸ್ ಬರೋನ್ 1998ರಲ್ಲಿ ವರದಿ ಮಾಡಿದರು. ಅನಂತರವಾದರೆ ಬುರುಡೆಯ ಮೂಳೆಗಳನ್ನು ಬಿಡಿಸಿ ಮರುಜೋಡಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸಾಮಾನ್ಯವಾಗಿ ಅದನ್ನು ವರ್ಷದೊಳಗೇ ಮಾಡಲು ವೈದ್ಯರು ಬಯಸುತ್ತಾರೆ. ರಕ್ತಸ್ರಾವ ಹೆಚ್ಚಿರುವುದರಿಂದ ಮಕ್ಕಳ ಅರಿವಳಿಕೆ ತಜ್ಞರು, ತೀವ್ರನಿಗಾ ಘಟಕಗಳಿರುವ ದೊಡ್ಡ ಆಸ್ಪತ್ರೆಗಳಲ್ಲೇ ಇದು ನಡೆಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ರಾಜ್ಯದ ದೊಡ್ಡ ನರಶಸ್ತ್ರ ವಿಭಾಗಗಳಲ್ಲಿ ಇಂಥ ಮಕ್ಕಳ ತಪಾಸಣೆ ಸಾಧ್ಯ.

ಕೊರತೆಯಿರುವುದು ಸಕಾಲದಲ್ಲಿ ಗುರುತಿಸುವುದರಲ್ಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಅವಕಾಶವಿದೆ. ಅದು ಆರಂಭದಲ್ಲಿ ಪಟ್ಟಿಮಾಡಿದ ಒಂಬತ್ತು ಜನ್ಮದೋಷಗಳಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದೋಷಗಳಿದ್ದವು. ಬುರುಡೆಯ ಅಕಾಲಿಕ ಬೆಸುಗೆಯ ಹೆಸರು ಇರಲಿಲ್ಲ. ಆದರೆ ಬೆಳವಣಿಗೆಯ ವಿಳಂಬ ಅದರ ವ್ಯಾಪ್ತಿಯಲ್ಲೇ ಇದೆ. ಇದಕ್ಕಾಗಿಯೇ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು ರೂಪಿಸಲಾಗಿದೆ. ತಲೆಯ ಸುತ್ತಳತೆಯನ್ನು ಕಾಲಕಾಲಕ್ಕೆ ಅಳೆದು ತಾಯಿ ಕಾರ್ಡಿನ ಜೊತೆಗೆ ಬರೆದಿಟ್ಟರೆ ಅದಕ್ಕಿಂತ ಅಗ್ಗದ ಪರೀಕ್ಷೆ ಬೇರೊಂದಿಲ್ಲ. ಬೇಕಾಗುವುದು ಒಂದು ಅಳತೆಪಟ್ಟಿ ಮಾತ್ರ.

ತಲೆಯ ಆಕಾರ ದಿನೇದಿನೇ ವಿಕಾರವಾಗುತ್ತಿದ್ದರೆ, ಹೊಲಿಗೆಯ ಜಾಗದಲ್ಲಿ ಗಟ್ಟಿ ಏಣು ತಾಗಿದರೆ, ಕಣ್ಣುಗಳು ಉಬ್ಬಿದಂತಿದ್ದರೆ, ಕಾರಣವಿಲ್ಲದೆ ವಾಂತಿ–ರಚ್ಚೆ ಹೆಚ್ಚಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಆಡದಿದ್ದರೆ ತಲೆಯ ಆಕಾರ ಹೇಗೇ ಇರಲಿ, ತಪಾಸಣೆ ಅಗತ್ಯ. ನೆತ್ತಿ ಬೇಗ ಮುಚ್ಚುವಂತೆಯೇ ಬಹುಕಾಲ ಮುಚ್ಚದೆ ಅಗಲವಾಗಿ ಉಳಿಯುವುದೂ ಥೈರಾಯಿಡ್ ಕೊರತೆಯಂಥ ಕಾಯಿಲೆಯ ಸೂಚನೆಯಾಗಬಹುದು. ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಅಪೇರ್, ಕ್ರೂಜೋನ್ ಸಿಂಡ್ರೋಮ್ ಮಕ್ಕಳಲ್ಲಿ ಶ್ರವಣದೋಷ ಸಾಮಾನ್ಯವಾಗಿದ್ದು, ಬುದ್ಧಿಯ ಕೊರತೆಯೆಂದು ಭಾವಿಸಿದ್ದು ಎಷ್ಟೋ ವೇಳೆ ಕಿವಿಯ ಕೊರತೆಯಾಗಿರುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಮತ್ತು ತರಬೇತಿ ಎರಡೂ ಲಭ್ಯ. ಮಾತಿನ ತರಬೇತಿಯಾಗಲಿ, ಚಲನೆಯ ತರಬೇತಿಯಾಗಲಿ ಸ್ಕ್ಯಾನಿಂಗ್ ವರದಿಗಾಗಿ ಕಾಯಬೇಕಿಲ್ಲ.

ಗರ್ಭಿಣಿ ಗ್ರಹಣ ಕಂಡದ್ದೇ ಮಗುವಿನ ದೋಷಕ್ಕೆ ಕಾರಣವೆಂಬ ಮಾತು ಹಳ್ಳಿ–ಪಟ್ಟಣಗಳೆನ್ನದೆ ಇಂದಿಗೂ ಕೇಳಿಬರುತ್ತದೆ. ಬುರುಡೆಯ ಬೆಸುಗೆಗೂ ಗ್ರಹಣಕ್ಕೂ ಯಾವ ಸಂಬಂಧವೂ ಇಲ್ಲ. ಅಪೇರ್ ಸಿಂಡ್ರೋಮ್‌ನ ವಂಶವಾಹಿ ಬದಲಾವಣೆ ಬಹುತೇಕ ಹೊಸದಾಗಿ, ಅದೂ ತಂದೆಯ ವೀರ್ಯಾಣುವಿನಲ್ಲಿ ಹುಟ್ಟುವಂಥದು. ತಂದೆಯ ವಯಸ್ಸು ಏರಿದಂತೆ ಅದರ ಸಂಭವ ಹೆಚ್ಚು. ಮೂರ್ಛೆರೋಗಕ್ಕೆ ನೀಡುವ ವಾಲ್‌ಪ್ರೊಯೇಟ್ ಔಷಧಿಯನ್ನು ಗರ್ಭಿಣಿ ಸೇವಿಸಿದರೆ ಮಗುವಿನ ಹಣೆಯ ಹೊಲಿಗೆ ಅಕಾಲದಲ್ಲಿ ಮುಚ್ಚುವ ಸಾಧ್ಯತೆ ಇದೆ. ಆದ್ದರಿಂದ ಮೂರ್ಛೆರೋಗವಿರುವ ಮಹಿಳೆಯರು ಗರ್ಭ ಧರಿಸುವ ಮುನ್ನವೇ ವೈದ್ಯರೊಡನೆ ಮಾತನಾಡಬೇಕು. ತಾವಾಗಿ ಔಷಧಿ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಇದರಾಚೆಗೆ ಬಹುಪಾಲು ಪ್ರಕರಣಗಳಲ್ಲಿ ತಾಯಿ ಮಾಡಿದ ತಪ್ಪೆಂಬುದೇ ಇರುವುದಿಲ್ಲ.

ಲೇನ್ ಅವರ ಬಳಿಗೆ ಬಂದ ಆ ತಾಯಿಯ ಪ್ರಶ್ನೆಯನ್ನು ಇಂದಿನ ತಾಯಂದಿರೂ ಕೇಳುತ್ತಾರೆ. ವ್ಯತ್ಯಾಸವೆಂದರೆ, ಇಂದು ಕತ್ತಿ ಹಿಡಿಯುವ ಮೊದಲು ಬೀಗ ಬಿದ್ದಿರುವುದು ಎಲ್ಲಿ ಎಂದು ನೋಡಬಹುದು. ಮೂಳೆಯಲ್ಲಿದ್ದರೆ ಅದನ್ನು ಸಕಾಲದಲ್ಲಿ ತೆರೆಯುವ ಕೈಗಳಿವೆ. ಮಿದುಳಿನಲ್ಲಿದ್ದರೆ ಬೇಕಾದುದು ಕತ್ತಿಯಲ್ಲ, ತರಬೇತಿ ಮತ್ತು ತಾಳ್ಮೆ. ಎರಡರಲ್ಲೂ ಮೊದಲ ಹೆಜ್ಜೆ ಮನೆಯವರ ಕಣ್ಣಿಗೆ ಬಿದ್ದ ಅನುಮಾನವನ್ನು ‘ದೊಡ್ಡದಾದ ಮೇಲೆ ಸರಿಹೋಗುತ್ತದೆ’ ಎಂದು ಮುಂದೂಡದಿರುವುದು.